ಪರದೆ ಕಾರು

ತಮ್ಮನ ಶವಪೆಟ್ಟಿಗೆಯ ಮುಂದಿನ ಎಡಮೂಲೆ ಅಣ್ಣನ ಹೆಗಲ ಮೇಲಿತ್ತು. ಮೂರನೆಯ ಮೆಟ್ಟಿಲು ಇಳಿದು ಗೇಟಿನ ಕಡೆ ತಿರುಗಿದಾಗ, ಅಂಗಳದಲ್ಲಿ ನಿಂತಿದ್ದ ಕಾರಿನ ಪಕ್ಕದ ಕನ್ನಡಿಗಳು ಮಡಿಸಿಟ್ಟ ಕಿವಿಗಳಂತೆ ಮೆಲ್ಲಗೆ ಬಿಚ್ಚಿಕೊಂಡವು. ಬಾಗಿಲುಗಳೊಳಗೆ ಟಕ್ಕೆಂದು ಬೀಗ ಬಿಟ್ಟ ಸದ್ದಾಯಿತು.

ಹೊತ್ತಿದ್ದ ನಾಲ್ವರೂ ನಿಂತುಬಿಟ್ಟರು.

"ಯಜಮಾನನ ಗುರುತು ಹಿಡೀತು ನೋಡಿ," ಎಂದ ಹಿಂದಿನ ಮೂಲೆ ಹೊತ್ತಿದ್ದ ಗ್ಯಾರೇಜಿನ ಮೇಸ್ತ್ರಿ.

"ಅದು ಗುರುತು ಹಿಡೀಲಿ. ನೀನು ಪೆಟ್ಟಿಗೆ ಸರಿಯಾಗಿ ಹಿಡಿ," ಎಂದ ಅಣ್ಣ.

ಆ ಕಾರಿನ ಕೀಗಾಗಿ ಬೆಳಗಿನಿಂದ ಮನೆಯೆಲ್ಲ ಹುಡುಕಿದ್ದರು. ಸವೆದ ಸೋಪಿನಷ್ಟು ದಪ್ಪದ ಕಪ್ಪು ಕೀ, ಇದ್ದದ್ದು ಅದೊಂದೇ. ತೂರಿಸಿ ತಿರುಗಿಸುವ ಕೀ ಅಲ್ಲ. ಅದನ್ನು ಜೇಬಿನಲ್ಲಿಟ್ಟುಕೊಂಡು ಹತ್ತಿರ ಬಂದರೆ ಸಾಕು, ಕಾರು ತಾನಾಗಿ ಬಾಗಿಲು ಬಿಡುತ್ತಿತ್ತು. ಒಳಗೆ ಕೂತು ಗುಂಡಿ ಒತ್ತಿದರೆ ಶುರುವಾಗುತ್ತಿತ್ತು. ಹೊಲಿಗೆ ಮಿಷನ್ನಿನ ಡ್ರಾಯರು, ಅಡುಗೆಮನೆಯ ಡಬ್ಬಗಳ ಹಿಂದೆ, ಔಷಧಿ ಚೀಲ, ಎಲ್ಲಿಯೂ ಸಿಕ್ಕಿರಲಿಲ್ಲ. ಈಗ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ತಮ್ಮನ ಅಳಿಯ ಓಡಿಬಂದು ಬಾಗಿಲು ಎಳೆದು ನೋಡಿದ. ತೆರೆಯಿತು. ಗುಂಡಿ ಒತ್ತಿದ. ಶುರುವಾಯಿತು.

"ಒಳಗೇ ಎಲ್ಲೋ ಬಿದ್ದಿರಬೇಕು. ಸದ್ಯ," ಎಂದ.

ಪೆಟ್ಟಿಗೆಯನ್ನು ಶವದ ವ್ಯಾನಿಗೆ ಏರಿಸಿದ ಮೇಲೆ ತಮ್ಮನ ಮಗಳು ಬಂದು ಅಣ್ಣನ ತೋಳು ಹಿಡಿದಳು. "ದೊಡ್ಡಪ್ಪ, ನೀವು ಅಮ್ಮನ ಜೊತೆ ಕಾರಲ್ಲಿ ಬನ್ನಿ. ವ್ಯಾನಿನ ಮೆಟ್ಟಿಲು ಎತ್ತರ."

"ನಾನು ಅವನ ಜೊತೆ ಬರ್ತೀನಿ," ಎಂದು ಅಣ್ಣ ವ್ಯಾನಿನ ಚಾಲಕನ ಪಕ್ಕ ಹತ್ತಿ ಕೂತ. ಇವತ್ತಾದರೂ ಆ ಕಾರು ಹತ್ತಬಾರದೇ ಎಂಬ ಮಾತು ಅವಳ ಬಾಯಲ್ಲಿ ಇದ್ದದ್ದು ಕಾಣುತ್ತಿತ್ತು.

ತಮ್ಮ ಆ ಕಾರು ಕೊಂಡು ನಾಲ್ಕು ವರ್ಷ. ಕೊಂಡ ದಿನವೇ ಇಬ್ಬರಿಗೂ ಮಾತು ಬಂದಿತ್ತು. ಆಮೇಲೆ ಅಣ್ಣ ಅದರಲ್ಲಿ ಕೂತಿರಲಿಲ್ಲ. ಕಾಯಿಲೆ ಕಸಾಲೆಗೆ ತಮ್ಮನ ಮನೆಗೆ ಹೋಗುವನು, ಎರಡು ಮಾತಾಡುವನು, ಎದ್ದು ಬರುವನು. ಎರಡು ಬೀದಿಯ ಅಂತರ. ನಡೆದೇ ಹೋಗುವನು, ನಡೆದೇ ಬರುವನು. ಪ್ರತಿ ಬೆಳಿಗ್ಗೆ ಪ್ರಾರ್ಥನೆಯಲ್ಲಿ ತಮ್ಮನ ಹೆಸರನ್ನೇ ಮೊದಲು ಹೇಳುತ್ತಿದ್ದ, ಒಂದು ದಿನವೂ ತಪ್ಪಿಸಿರಲಿಲ್ಲ. ಪ್ರಾರ್ಥನೆ ಮುಗಿಸಿ ಮನೆ ಮುಂದಿನ ಬೆಂಚಿನಲ್ಲಿ ಕೂತಾಗ ಆ ಕಾರು ಹಾದುಹೋದರೆ ಮಾತ್ರ ಮುಖ ತಿರುಗಿಸುತ್ತಿದ್ದ. ದೇವರ ಮುಂದೆ ಒಂದು ಮುಖ, ಬೀದಿಯಲ್ಲಿ ಇನ್ನೊಂದು ಎಂದು ಅವನಿಗೇ ಗೊತ್ತಿತ್ತು.

ಮುಖ ತಿರುಗಿಸುವುದಕ್ಕೆ ಕಾರಣ ಪರದೆ. ಕಾರಿನ ಹಿಂದಿನ ಗಾಜಿಗೆ ಒಳಗಿನಿಂದ ಕಪ್ಪು ಪರದೆಯೊಂದು ಎದ್ದು ನಿಂತಿತ್ತು. ಮಳೆಯಿರಲಿ ಬಿಸಿಲಿರಲಿ ನಾಲ್ಕು ವರ್ಷ ಅದು ಇಳಿಯಲಿಲ್ಲ. ಬೀದಿಯವರು ಅದಕ್ಕೆ ಪರದೆ ಕಾರು ಎಂದೇ ಹೆಸರಿಟ್ಟಿದ್ದರು. ಆ ಪರದೆಯನ್ನು ಎಬ್ಬಿಸಿದವನು ಅಣ್ಣ. ಇಳಿಸದೆ ಬಿಟ್ಟವನು ತಮ್ಮ. ನಿನ್ನ ಮುಖ ನೋಡಲಾರೆ ಎಂದು ಹೇಳುವುದಕ್ಕೆ ಇದಕ್ಕಿಂತ ಬೇರೆ ಮಾತು ಬೇಕೆ ಎಂದು ಅಣ್ಣ ಎಣಿಸಿದ್ದ. ಒಂದು ದಿನ ಕೇಳಿಯೇ ಬಿಡಬೇಕು ಎಂದೂ ಎಣಿಸಿದ್ದ. ಮೊನ್ನೆ ಮಧ್ಯಾಹ್ನ ತಮ್ಮ ಅಂಗಡಿಯಲ್ಲಿ ಸೀಟೊಂದರ ಹೊಲಿಗೆ ಬಿಚ್ಚುತ್ತ ಬಿಚ್ಚುತ್ತ ಹಾಗೇ ಮುಂದಕ್ಕೆ ಬಾಗಿದನಂತೆ. ಇನ್ನು ಕೇಳುವುದು ಯಾರನ್ನು?

ವ್ಯಾನು ಹೊರಟಿತು. ಪಕ್ಕದ ಕನ್ನಡಿಯಲ್ಲಿ ಕಾರು ಹಿಂದೆ ಬರುವುದು ಕಾಣಿಸಿತು. ಇಷ್ಟು ದಿನ ಅದರ ಬೆನ್ನನ್ನೇ ನೋಡಿದ್ದ ಅಣ್ಣ ಇವತ್ತು ಅದರ ಮುಖ ನೋಡಿದ.

*

ತಮ್ಮನ ಕಸುಬು ಕಾರಿನ ಸೀಟು ಹೊಲಿಯುವುದು. ಹದಿನಾರನೇ ವಯಸ್ಸಿಗೆ ಕೈಗೆ ಸೂಜಿ ಹಿಡಿದವನು. ಮೊದಲ ತಿಂಗಳಲ್ಲೇ ಆತುರಕ್ಕೆ ಬಿದ್ದು ಗಿರಾಕಿಯ ಸೀಟಿನ ಚರ್ಮವನ್ನು ಎಲ್ಲೆಂದರಲ್ಲಿ ಕತ್ತರಿಸಿ ಬಿಚ್ಚಿಬಿಟ್ಟ. ಮತ್ತೆ ಜೋಡಿಸಲು ಬರಲಿಲ್ಲ. ಕೆಲಸ ಕಲಿಸಿದ ಯಜಮಾನ ಬೈಯಲಿಲ್ಲ. "ಬಿಚ್ಚೋದಕ್ಕೂ ಒಂದು ಕ್ರಮ ಇದೆ ಮಗಾ. ಕೊನೇ ಹೊಲಿಗೆ ಮೊದಲು ಬಿಚ್ಚು, ಒಂದೊಂದೇ ಬಿಚ್ಚು, ನೋಡ್ಕೊಂಡು ಬಿಚ್ಚು," ಎಂದನಂತೆ. ತಮ್ಮ ಆ ಮಾತನ್ನು ಬದುಕಿಗೇ ಹೊಲಿದುಕೊಂಡುಬಿಟ್ಟ. ಔಷಧಿ ಸೀಸೆ ತಂದರೂ ಮೇಲಿನ ಚೀಟಿಯನ್ನು ಹೆಂಡತಿಯಿಂದ ಪೂರ್ತಿ ಓದಿಸಿಯೇ ಮುಚ್ಚಳ ತೆಗೆಯುವನು.

ನಲವತ್ತಾರು ವರ್ಷ ದೊಡ್ಡವರ ಕಾರುಗಳೊಳಗೆ ಮಂಡಿಯೂರಿ, ಕತ್ತು ಬಗ್ಗಿಸಿ, ಹಿಂದುಮುಂದಾಗಿ ಕೂತು ಕೆಲಸ ಮಾಡಿದ್ದಾಯಿತು. ಅರವತ್ತೆರಡಕ್ಕೆ ಒಂದು ದಿನ, "ಒಂದ್ಸಲ ಬೆನ್ನು ಒರಗಿಸಿ, ಮುಂದೆ ನೋಡ್ಕೊಂಡು ಕೂತ್ಕೋಬೇಕು," ಎಂದ. ಹಳೆಯ ಕಾರು ಮಾರುವ ಅಂಗಳಕ್ಕೆ ಹೆಂಡತಿಯನ್ನೂ ಕರೆದುಕೊಂಡು ಹೋಗಿ ದೊಡ್ಡ ಕಾರುಗಳ ಸೀಟಿನ ಅಡಿಯನ್ನೆಲ್ಲ ಕೈಯಿಂದ ತಡವಿ ನೋಡಿದ. ಹನ್ನೊಂದು ವರ್ಷ ಹಳೆಯದಾದ ಒಂದರ ಸೀಟಿನಡಿಯಲ್ಲಿ ಬೆರಳು ನಿಂತಿತು. ಅವನದೇ ಹೊಲಿಗೆ. ಯಾವುದೋ ಕಾಲದಲ್ಲಿ ಹೊಲಿದದ್ದು, ಒಂದು ದಾರವೂ ಕಿತ್ತಿರಲಿಲ್ಲ. "ಇದೇ ಸಾಕು," ಎಂದ.

ಕಾರು ಮನೆಗೆ ಬಂದ ಸಂಜೆ ಬೀದಿಯೇ ಸೇರಿತ್ತು. ಅಣ್ಣ ಮೂವತ್ತಮೂರು ವರ್ಷ ನಗರದ ಬಸ್ಸು ಓಡಿಸಿ ನಿವೃತ್ತನಾದವನು. ತಮ್ಮನಿಗೆ ಗಾಡಿ ಕಲಿಸಿದವನೂ ಅವನೇ, ಬಸ್ಸಿನ ಡಿಪೋದ ಹಿಂದಿನ ಮೈದಾನದಲ್ಲಿ, ರಜೆಯ ದಿನಗಳಲ್ಲಿ. "ಒಳಗಿನ ಕನ್ನಡಿ ನಂಬಬೇಡ, ಅದರಲ್ಲಿ ಜನರ ತಲೆ ಕಾಣುತ್ತೆ ಅಷ್ಟೆ. ಪಕ್ಕದ ಕನ್ನಡಿ ನೋಡಿ ಹಿಂದೆ ಬಾ," ಎಂದು ಬಸ್ಸಿನವರ ಪಾಠವನ್ನೇ ಹೇಳಿಕೊಟ್ಟಿದ್ದ. ಆ ಸಲಿಗೆಯಲ್ಲಿ ಅವತ್ತು ಸೀದಾ ಹೋಗಿ ಸ್ಟೀರಿಂಗಿನ ಹಿಂದೆ ಕೂತ. ಮುಂದೆ ಹತ್ತಾರು ಗುಂಡಿಗಳು. ಒಂದನ್ನು ಒತ್ತಿದ. ಬೆನ್ನ ಹಿಂದೆ ಗುಂಯ್ ಎಂದು ಕಪ್ಪು ಪರದೆ ಏಳತೊಡಗಿತು. ಬೆಚ್ಚಿ ಇನ್ನೊಂದರ ಕಡೆ ಕೈ ಚಾಚಿದ. ಕಾರಿನ ಜೊತೆ ಬಂದ ದಪ್ಪ ಕೈಪಿಡಿಯನ್ನು ಕಂಕುಳಲ್ಲಿಟ್ಟುಕೊಂಡಿದ್ದ ತಮ್ಮ ಹೊರಗಿನಿಂದ ಬಗ್ಗಿ ಅವನ ಮಣಿಕಟ್ಟು ಹಿಡಿದುಕೊಂಡ.

"ಮುಟ್ಟಬೇಡ ಅಣ್ಣ. ಅದನ್ನ ಇನ್ನೂ ಓದಿಲ್ಲ."

ಸುತ್ತ ನಿಂತವರು ನಕ್ಕರು. ಯಾರೋ, "ಬಸ್ಸಲ್ಲ ಸ್ವಾಮಿ ಇದು," ಎಂದರು. ಅಣ್ಣ ಇಳಿದು ಬಾಗಿಲು ಹಾಕಿದ.

"ಮೂವತ್ತಮೂರು ವರ್ಷ ಸ್ಟೀರಿಂಗ್ ಹಿಡಿದ ಕೈ ಕಣೋ ಇದು. ಇದಕ್ಕೆ ಮುಟ್ಟಬೇಡ ಅಂತೀಯಾ? ಆಯ್ತು. ನಿನ್ನ ಪುಸ್ತಕ ಓದಿ ಮುಗಿಸು. ಮುಗಿಸಿ ಕರಿ. ಅಲ್ಲೀವರೆಗೂ ಇದರೊಳಗೆ ಕಾಲಿಡಲ್ಲ."

ಹೇಳಿದ್ದು ಸಿಟ್ಟಿನಲ್ಲಿ. ಮಾರನೆಯ ದಿನ ತಮ್ಮ ಬಂದು ಕರೆಯುತ್ತಾನೆ ಎಂದು ಬೆಂಚಿನ ಮೇಲೆ ಕೂತಿದ್ದ. ತಮ್ಮ ಬರಲಿಲ್ಲ.

*

ಪ್ರಾರ್ಥನೆ ಹೇಳುವ ಹಿರಿಯರು ಇನ್ನೊಂದು ಮಣ್ಣಿಗೆ ಹೋದವರು ಬರುವುದು ತಡವಾಗಿತ್ತು. ಸ್ಮಶಾನದ ತಗಡಿನ ಮಾಡಿನ ಕೆಳಗೆ ಪೆಟ್ಟಿಗೆಯನ್ನು ಎರಡು ಬೆಂಚುಗಳ ಮೇಲಿಟ್ಟು ಜನ ಅಲ್ಲಲ್ಲಿ ನಿಂತರು. ಮುಚ್ಚಳ ಸುಮ್ಮನೆ ಮೇಲಿಟ್ಟಿತ್ತು. ತಿರುಪು ಹಾಕುವುದು ಪ್ರಾರ್ಥನೆ ಆದ ಮೇಲೆ.

ಕಾಯುವಾಗ ಬಾಯಿ ಸುಮ್ಮನಿರುವುದಿಲ್ಲ.

"ಮೂರು ಬೇಸಿಗೆ ಏ.ಸಿ. ಹಾಕಲಿಲ್ಲ ಮಾರಾಯ," ಎಂದ ಗ್ಯಾರೇಜಿನ ಮೇಸ್ತ್ರಿ. "ಸ್ನಾನ ಮಾಡಿದೋನ ಹಾಗೆ ಇಳಿಯೋನು. ಯಾಕಪ್ಪಾ ಅಂದ್ರೆ, ಅದು ನೂರಾ ನಲವತ್ತನೇ ಪುಟದಲ್ಲಿದೆ, ನಾವಿನ್ನೂ ಎಂಬತ್ತರಲ್ಲಿದೀವಿ ಅನ್ನೋನು."

"ಪುಟ ತಿರುಗಿಸೋಕೆ ಏನು ಕಷ್ಟ?"

"ಅದನ್ನ ಅವನಿಗೆ ಹೇಳಿ ನೋಡಬೇಕಿತ್ತು ನೀನು. ಭಾನುವಾರಕ್ಕೆ ಒಂದು ಪುಟ. ಬೇರೆ ಭಾಷೆ ಪುಸ್ತಕ, ಅವನ ಹೆಂಡತಿ ಟೆಲಿಫೋನ್ ಆಫೀಸಿನಲ್ಲಿದ್ದೋರು, ಓದಿ ನಮ್ಮ ಭಾಷೇಲಿ ಹೇಳೋರು. ಇವನು ಒಂದು ವಾರ ಅದನ್ನೇ ಅಭ್ಯಾಸ ಮಾಡೋನು. ಸೀಟು ಹಿಂದಕ್ಕೆ ಸರಿಸೋದು ಇಪ್ಪತ್ತೊಂದನೇ ಪುಟ. ಹಳೇ ಯಜಮಾನ ಕುಳ್ಳ ಅಂತ ಕಾಣುತ್ತೆ. ಐದು ತಿಂಗಳು ಮಂಡಿ ಎದೆಗೆ ತಾಗಿಸ್ಕೊಂಡೇ ಓಡಿಸಿದ."

"ಸೀಟು ಹೊಲಿಯೋನಿಗೆ ಸೀಟು ಸರಿಸೋಕೆ ಬರಲಿಲ್ವಾ?"

"ಬರುತ್ತೆ. ಓದಿಲ್ಲ."

ನಗಬಾರದ ಜಾಗ. ಆದರೂ ನಾಲ್ಕೈದು ಜನ ತಲೆ ಬಗ್ಗಿಸಿ ನಕ್ಕರು. ಅಳಿಯ ಕೇಳಿದ, "ಹಂಗಾದ್ರೆ ಗೇರು, ಬ್ರೇಕು? ಅದನ್ನ ಓದೋ ಮೊದಲೇ ಮಾವ ಹೇಗೆ ಓಡಿಸಿದರು?"

"ನಾನೂ ಕೇಳಿದ್ದೆ," ಎಂದ ಮೇಸ್ತ್ರಿ. "ಅದು ಅಣ್ಣ ಕಲಿಸಿದ್ದು, ಅದಕ್ಕೆ ಪುಸ್ತಕ ಬೇಡ ಅಂದ."

ಆಮೇಲೆ ಅಣ್ಣ ಅಲ್ಲೇ ಇದ್ದಾನೆ ಎಂದು ನೆನಪಾಗಿ ಮೇಸ್ತ್ರಿ ಪೆಟ್ಟಿಗೆಯ ಮುಚ್ಚಳದ ಅಂಚು ಸರಿಮಾಡತೊಡಗಿದ. ಅಣ್ಣ ನಲ್ಲಿಯ ಕಡೆ ನಡೆದು, ಬಾಯಾರಿಕೆ ಇಲ್ಲದಿದ್ದರೂ ಒಂದು ಬೊಗಸೆ ನೀರು ಕುಡಿದ.

ತಮ್ಮನ ಹೆಂಡತಿ ಅಲ್ಲಿಗೆ ಬಂದಳು. ಬೆಳಗಿನಿಂದ ಅವಳು ಗಟ್ಟಿಯಾಗಿ ಅತ್ತಿರಲಿಲ್ಲ. ಟೆಲಿಫೋನ್ ಆಫೀಸಿನಲ್ಲಿ ಎಷ್ಟೋ ಮನೆಗಳಿಗೆ ಸಾವಿನ ಸುದ್ದಿಯ ಕರೆಗಳನ್ನು ಜೋಡಿಸಿಕೊಟ್ಟವಳು. ತನ್ನ ದನಿಯನ್ನು ಹದದಲ್ಲಿಡುವುದು ರೂಢಿಯಾಗಿತ್ತು.

"ಭಾವ, ಕೀ ಅವರ ಹತ್ತಿರಾನೇ ಇದೆ."

"ಯಾರ ಹತ್ತಿರ?"

ಅವಳು ಪೆಟ್ಟಿಗೆಯ ಕಡೆ ನೋಡಿದಳು. "ಬೀದಿ ತಿರುಗಿ ಸಿಗ್ನಲ್ ಹತ್ತಿರ ವ್ಯಾನು ಮುಂದೆ ಹೋಯ್ತಲ್ಲ, ಆಗ ನಮ್ಮ ಗಾಡಿಯ ಮುಂದೆ ಅಕ್ಷರ ಬಂತು, ಕೀ ಗಾಡಿಯಲ್ಲಿಲ್ಲ ಅಂತ. ಓಡ್ತಾ ಇದ್ದರೆ ನಿಲ್ಲಲ್ಲ ಅದು. ಒಂದ್ಸಲ ನಿಲ್ಲಿಸಿದರೆ ಕೀ ಇಲ್ಲದೆ ಮತ್ತೆ ಶುರುವಾಗಲ್ಲ. ಅಳಿಯಂದಿರು ಇಲ್ಲಿ ನಿಲ್ಲಿಸಿಬಿಟ್ಟರು. ಅವರ ಮೈಮೇಲಿರೋ ಆ ಕೋಟು ಕಾರು ಓಡಿಸುವಾಗ ಹಾಕ್ಕೊಳ್ಳೋಕೆ ಅಂತಲೇ ಅವರು ತಂದದ್ದು. ನಾನೇ ತೊಡಿಸಿದೆ, ಗುಂಡಿ ಹಾಕಿದೆ. ಒಳಜೇಬು ನೋಡಲಿಲ್ಲ."

ಅಂಗಳದಲ್ಲಿ ಕನ್ನಡಿಗಳು ಯಾರಿಗೆ ಬಿಚ್ಚಿಕೊಂಡವು ಎಂದು ಅಣ್ಣನಿಗೆ ಈಗ ತಿಳಿಯಿತು.

"ಅಳಿಯನ ಕೈಲಿ ತೆಗೆಸೋಣಮ್ಮ."

"ಪಾಪ, ಅವರು ಹೆದರ್ತಾರೆ. ನೀವು ತೆಗೀರಿ. ಇಲ್ಲ, ಅವರ ಜೊತೆಗೇ ಹೋಗಲಿ ಅಂದರೆ ಹಾಗೇ ಆಗಲಿ. ನೀವು ದೊಡ್ಡವರು, ನೀವು ಹೇಳಿದ ಹಾಗೆ."

ಅಣ್ಣ ಗೇಟಿನ ಹೊರಗೆ ನೋಡಿದ. ಕಾರು ಬೆನ್ನು ಈ ಕಡೆ ಮಾಡಿ ನಿಂತಿತ್ತು. ಅದೇ ಕಪ್ಪು ಪರದೆ. ಕೀ ಮಣ್ಣಿಗೆ ಹೋಗಲಿ ಎಂದರೆ ಅದು ಅಲ್ಲೇ ತುಕ್ಕು ಹಿಡಿಯುತ್ತದೆ. ಇನ್ನು ಬೆಂಚಿನ ಮುಂದೆ ಹಾದುಹೋಗುವುದಿಲ್ಲ. ಒಂದು ಗಳಿಗೆ ಅವನ ಮನಸ್ಸು ಅದನ್ನೇ ಬಯಸಿತು. ಬಯಸಿದ್ದು ತಿಳಿದು ನಾಚಿತು. ತಂದೆಯೇ, ಈ ಮುದಿ ತಲೆಗೆ ಇಷ್ಟು ಹೊತ್ತಾದರೂ ಬುದ್ಧಿ ಕೊಡು ಎಂದು ಮನಸ್ಸಿನೊಳಗೇ ಕೇಳಿಕೊಂಡ.

"ನಾನು ಮುಟ್ಟಬಹುದೇನಮ್ಮ?" ಎಂದ.

ಅವಳಿಗೆ ಆ ಮಾತು ಎಲ್ಲಿಂದ ಬಂತೆಂದು ಗೊತ್ತಾಯಿತು.

"ಕೀಯದು ಓದಿ ಆಗಿದೆ ಭಾವ," ಎಂದಳು. "ಮೂವತ್ತೊಂದನೇ ಪುಟ."

ಮೇಸ್ತ್ರಿ ಮುಚ್ಚಳ ಸರಿಸಿ ಹಿಡಿದ. ಅಣ್ಣ ಕೋಟಿನ ಒಂದು ಗುಂಡಿ ಬಿಚ್ಚಿ ಕೈ ಒಳಗೆ ಹಾಕಿದ. ಒಳಜೇಬು ಕೋಟಿನದಲ್ಲ, ತಮ್ಮ ತಾನೇ ಆಮೇಲೆ ಹೊಲಿದುಕೊಂಡದ್ದು. ಸೀಟಿಗೆ ಹಾಕುವ ದಪ್ಪ ದಾರ, ಅಳೆದಿಟ್ಟ ಹಾಗೆ ಒಂದರ ಪಕ್ಕ ಒಂದು ಹೊಲಿಗೆ. ಹತ್ತು ಬಾರಿ ಎಳೆದರೂ ಕೀಳುವಂಥದಲ್ಲ. ಬೆರಳಿಗೆ ಕೀ ಸಿಕ್ಕಿತು. ಅದರ ಕೆಳಗೆ ತಮ್ಮನ ಎದೆ. ಕೈ ತೆಗೆಯಲು ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಆಯಿತು. ಕೀ ಹೊರಗೆ ತೆಗೆದ ಮೇಲೆ ಅಣ್ಣ ಖಾಲಿ ಜೇಬಿನ ಗುಂಡಿ ಹಾಕಿದ, ಕೋಟಿನ ಗುಂಡಿ ಹಾಕಿದ, ಕಾಲರಿನ ಮೇಲೆ ಕೈಯಾಡಿಸಿ ಸುಕ್ಕು ಸರಿಮಾಡಿದ.

ಅಷ್ಟರಲ್ಲಿ ಹಿರಿಯರು ಬಂದರು.

*

ಮಣ್ಣು ಕೊಟ್ಟದ್ದಾಯಿತು. ಜನ ಕೈ ತೊಳೆದು ಒಬ್ಬೊಬ್ಬರಾಗಿ ಹೊರಟರು. ಮಗಳು ಅಳಿಯ ನೆಂಟರನ್ನು ಬಾಡಿಗೆ ವ್ಯಾನಿನಲ್ಲಿ ಕೂರಿಸಿಕೊಂಡು ಮುಂದೆ ಹೋದರು. ಹೋಗುವಾಗ ಅಳಿಯ ಕೀಗಾಗಿ ಕೈ ಚಾಚಿದ್ದ. ಅತ್ತೆ ಬೇಡವೆಂದು ತಲೆಯಾಡಿಸಿದ್ದಳು.

ಗೇಟು ದಾಟಿ ಐದಾರು ಹೆಜ್ಜೆ ಹೋದಾಗ ಕಾರಿನ ಕನ್ನಡಿಗಳು ಬಿಚ್ಚಿಕೊಂಡವು. ಅಣ್ಣ ತಟ್ಟನೆ ನಿಂತ. ಹಿಂದೆ ತಿರುಗಿ ನೋಡಿದ. ಯಾರೂ ಇರಲಿಲ್ಲ, ಕೀ ಅವನ ಅಂಗೈಯಲ್ಲೇ ಇತ್ತು.

"ಹತ್ತಿ ಭಾವ," ಎಂದಳು ಅವಳು, ಪಕ್ಕದ ಸೀಟಿನ ಬಾಗಿಲು ತೆರೆಯುತ್ತ.

"ಓದಿ ಮುಗಿಸಿ ಕರಿ ಅಂದಿದ್ದೆ ಕಣಮ್ಮ. ಅವನು ಕರೀಲಿಲ್ಲ."

"ಮುಗಿದಿದ್ದರೆ ತಾನೇ ಕರೆಯೋದು?"

ಅಣ್ಣನಿಗೆ ಕೂಡಲೇ ಅರ್ಥವಾಗಲಿಲ್ಲ.

"ನೀವು ಅವತ್ತು ಹೋದಿರಲ್ಲ, ಆ ಭಾನುವಾರವೇ ಶುರು ಮಾಡಿದರು. ಮುನ್ನೂರ ಇಪ್ಪತ್ತು ಪುಟ. ನಾನು ಹೇಳಿದೆ, ದಿನಕ್ಕೊಂದು ಓದಿದರೆ ವರ್ಷದೊಳಗೆ ಮುಗಿಯುತ್ತೆ, ಭಾವನ್ನ ಕರೀಬಹುದು ಅಂತ. ಅರ್ಧಂಬರ್ಧ ಕಲಿತು ಅಣ್ಣನ್ನ ಕೂರಿಸ್ಕೊಳ್ಳಲಾ, ಅವನು ಏನು ಕೇಳಿದರೂ ಹೇಳೋ ಹಾಗಿರಬೇಕು ಅಂದರು. ಹಠ. ನಿಮ್ಮ ಮನೆತನದ್ದೇ. ನಾನೇ ಬಂದು ನಿಮಗೆ ಹೇಳಬೇಕಿತ್ತು. ಹೇಳಕೂಡದು, ಮುಗಿಸಿ ನಾನೇ ಕರೀತೀನಿ ಅಂದಿದ್ದರು." ಸ್ವಲ್ಪ ತಡೆದು ಸೇರಿಸಿದಳು. "ಇನ್ನೂರ ಹನ್ನೊಂದಕ್ಕೆ ಬಂದಿದ್ವಿ."

ಅಣ್ಣ ಕಾರಿನ ಮಾಡಿನ ಮೇಲೆ ಕೈಯೂರಿ ನಿಂತ. ಬಿಸಿಲಿಗೆ ಅದು ಸುಡುತ್ತಿತ್ತು. ಕೈ ತೆಗೆಯಲಿಲ್ಲ.

"ಮತ್ತೆ ಆ ಪರದೆ?"

"ಕೂತ್ಕೊಳ್ಳಿ, ಹೇಳ್ತೀನಿ."

ಅವನು ಸ್ಟೀರಿಂಗಿನ ಹಿಂದೆ ಕೂತ, ಅವಳು ಪಕ್ಕದಲ್ಲಿ. ಸೀಟು ತಮ್ಮನ ಕಾಲಿಗೆ ಸರಿಯಾಗಿ ಇಟ್ಟದ್ದು; ಅಣ್ಣನ ಕಾಲಿಗೂ ಸರಿಯಾಗಿತ್ತು. ಬೆನ್ನು ಒರಗಿಸಿದ. ಅವಳು ಮುಂದಿನ ಡಬ್ಬಿ ತೆರೆದು ದಪ್ಪ ಪುಸ್ತಕ ಹೊರಗೆ ತೆಗೆದಳು. ಗುರುತಿಗೆಂದು ಹಾಕಿದ ಚರ್ಮದ ಚೂರುಗಳಿಂದ ಅದು ಉಬ್ಬಿತ್ತು. ಎಲ್ಲವೂ ಕಪ್ಪು, ಒಂದು ಮಾತ್ರ ಕೆಂಪು. ಕೆಂಪು ಇದ್ದಲ್ಲಿ ಬಿಡಿಸಿದಳು.

"ತೊಂಬತ್ತಾರನೇ ಪುಟ. ಎರಡು ವರ್ಷದ ಹಿಂದೆಯೇ ಓದಿದ್ದು. ಇದೊಂದನ್ನು ಅವರು ಅಭ್ಯಾಸ ಮಾಡಲಿಲ್ಲ. ಗುಂಡಿ ಯಾವುದು ಅಂತ ನೋಡಿ ಸುಮ್ಮನಾದರು. ಬೀದಿಯೋರೆಲ್ಲ ನಗ್ತಾರೆ, ಇಳಿಸಿ ಅಂತ ಎಷ್ಟು ಸಲ ಹೇಳಿದೆ. ಎಬ್ಬಿಸಿದೋನು ಅಣ್ಣ, ಮಲಗಿಸೋನೂ ಅವನೇ. ಅವನಿಗೆ ಅಂತ ಒಂದಾದರೂ ಉಳಿದಿರಲಿ ಅಂದರು."

ಅಣ್ಣ ಸ್ಟೀರಿಂಗಿನ ಮೇಲೆ ಎರಡು ಕೈಯಿಟ್ಟ. ಬಸ್ಸು ಹೊರಡಿಸುವ ಮೊದಲು ಪ್ರತಿದಿನ ಹಾಗೆ ಕೂತು ಎರಡು ಮಾತು ದೇವರಿಗೆ ಹೇಳುವುದು ಅವನ ರೂಢಿ. ಇವತ್ತು ತಮ್ಮನ ಹೆಸರೊಂದನ್ನೇ ಹೇಳಿ ಮುಗಿಸಿದ.

"ಓದಮ್ಮ," ಎಂದ ಕೊನೆಗೆ.

ಅವಳು ಕನ್ನಡಕ ಸರಿಮಾಡಿಕೊಂಡು ಓದಿದಳು, ಓದಿ ಹೇಳಿದಳು. "ಎಡಗಡೆಯಿಂದ ನಾಲ್ಕನೇ ಗುಂಡಿ. ಒಂದು ಸಲ ಒತ್ತಬೇಕು. ಪೂರ್ತಿ ಇಳಿಯೋವರೆಗೂ ಮತ್ತೆ ಒತ್ತಬಾರದು. ಮಧ್ಯದಲ್ಲಿ ಕೈಯಿಂದ ಎಳೀಬಾರದು."

ಅಣ್ಣ ಎಡದಿಂದ ಬೆರಳಿಟ್ಟು ಎಣಿಸಿದ. ನಾಲ್ಕನೆಯದರ ಮೇಲೆ ಬೆರಳು ನಿಲ್ಲಿಸಿ ಅವಳ ಮುಖ ನೋಡಿದ. ಅವಳು ತಲೆಯಾಡಿಸಿದಳು. ಒತ್ತಿದ.

ಗುಂಯ್ ಎಂಬ ಅದೇ ಸದ್ದು. ನಾಲ್ಕು ವರ್ಷ ನಿಂತೇ ಇದ್ದ ಬಟ್ಟೆ ಮೊದಲು ಸ್ವಲ್ಪ ನಡುಗಿತು, ಆಮೇಲೆ ಮೆಲ್ಲಗೆ ಬಗ್ಗತೊಡಗಿತು. ಅದರ ಅಂಚಿನಿಂದ ಧೂಳಿನ ಒಂದು ಗೆರೆ ಹಿಂದಿನ ಸೀಟಿನ ಮೇಲೆ ಉದುರಿತು. ಇದುವರೆಗೆ ಬರೀ ಕಪ್ಪಾಗಿದ್ದ ಒಳಗಿನ ಕನ್ನಡಿಯಲ್ಲಿ, ಮೇಲಿನಿಂದ ಕೆಳಕ್ಕೆ, ಬೆಳಕು ಇಳಿಯಿತು. ಮರದ ತುದಿ ಬಂತು, ತಗಡಿನ ಮಾಡು ಬಂತು, ತೆರೆದ ಗೇಟು ಬಂತು. ಗೇಟಿನ ಆಚೆ ಹೊಸ ಮಣ್ಣಿನ ದಿಬ್ಬ. ಅಗೆಯುವವನು ಸಲಿಕೆಯ ಬೆನ್ನಿನಿಂದ ಅದರ ಮೂಲೆಗಳನ್ನು ತಟ್ಟಿ ತಟ್ಟಿ ಸರಿಮಾಡುತ್ತಿದ್ದ.

ಜೀವಮಾನವೆಲ್ಲ ನಂಬಬೇಡವೆಂದು ಹೇಳಿಕೊಟ್ಟಿದ್ದ ಆ ಕನ್ನಡಿಯಿಂದ ಅಣ್ಣ ಕಣ್ಣು ತೆಗೆಯಲಿಲ್ಲ. ಪಕ್ಕದಲ್ಲಿ ಅವಳು ಕೆಂಪು ಚೂರನ್ನು ತೊಂಬತ್ತಾರರಿಂದ ತೆಗೆದು, ಇನ್ನೂರ ಹನ್ನೆರಡರಲ್ಲಿ ಇಟ್ಟಳು.